ನಾನೊಬ್ಬನೇ ಕಂಡ ಚಂದ್ರ

ರಮಜಾನಿನ ಇಪ್ಪತ್ತೊಂಬತ್ತನೆಯ ರೋಜಾದ, ಅಂದರೆ ಉಪವಾಸದ, ಸಂಜೆ ಚಂದ್ರನನ್ನು ಹುಡುಕುವುದು ಮಸೀದಿಯಲ್ಲಿ ನಮಾಜ್ ಓದಿಸುವ ಪೇಶ್ ಇಮಾಮನ ಕೆಲಸಗಳಲ್ಲಿ ಒಂದು. ಮಾಳಿಗೆ ಏರಿ ಆಕಾಶ ನೋಡಿ ಇಳಿದು ಬರುವ ಕೆಲಸ ಎಂದು ಬಹಳ ಜನ ತಿಳಿದಿದ್ದಾರೆ. ಅಷ್ಟೇ ಆಗಿದ್ದರೆ ಇದನ್ನು ಬರೆಯುವ ಗೊಡವೆಗೆ ನಾನು ಹೋಗುತ್ತಿರಲಿಲ್ಲ. ಚಂದ್ರ ಕಂಡರೆ ಮರುದಿನ ಈದ್. ಕಾಣದಿದ್ದರೆ ಇನ್ನೊಂದು ರೋಜಾ ಹಿಡಿದು ಮೂವತ್ತು ತುಂಬಿಸಬೇಕು. ಊರಿನ ಹೊಸ ಬಟ್ಟೆ, ಶಾವಿಗೆ, ಬರುವ ನೆಂಟರು, ಕೂಲಿಯ ರಜೆ, ಎಲ್ಲವೂ ಆ ಒಂದು ಸಂಜೆಯನ್ನೇ ಕಾಯುತ್ತಿರುತ್ತವೆ. ಆ ವರ್ಷ ನಾನೂ ಕಾಯುತ್ತಿದ್ದೆ, ಎಲ್ಲರಿಗಿಂತ ಹೆಚ್ಚಾಗಿ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ರಸ್ತೆಯ ಮೇಲಿನ ಒಂದು ಹಳ್ಳಿಯ ಮಸೀದಿಯಲ್ಲಿ ನಾನಿದ್ದೆ. ಊರಿನ ಮುಸಲ್ಮಾನರ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ಹೆಚ್ಚಿನವರು ಅರಳೆ ಹಿಂಜುವ, ಗಾದಿ ಹೊಲಿಯುವ ಪಿಂಜಾರರು; ಮನೆಮಾತು ಕನ್ನಡ. ನಾನೂ ಪಿಂಜಾರರ ಮನೆಯವನೇ, ರಾಮದುರ್ಗದವನು. ಉರ್ದು, ಅರಬ್ಬಿ ಎರಡನ್ನೂ ಬೈಲಹೊಂಗಲದ ಮದರಸಾದಲ್ಲಿ ಉಸ್ತಾದರ ಕೈಯಲ್ಲಿ ಏಟು ತಿಂದು ಕಲಿತದ್ದು. ಮಸೀದಿಗೆ ಹೊಂದಿದ ಒಂದು ಕೋಣೆ ನನ್ನದು. ಊಟ ದಿನಕ್ಕೊಂದು ಮನೆಯಿಂದ ಬರುತ್ತಿತ್ತು. ಅಜಾನ್ ಕೊಡುವವನೂ ನಾನೇ, ನಮಾಜ್ ಓದಿಸುವವನೂ ನಾನೇ, ಎಷ್ಟೋ ಸಲ ಹಿಂದೆ ನಿಂತು ಓದುವವನೂ ನಾನೊಬ್ಬನೇ. ಹೊಲದ ಕೆಲಸದ ದಿನಗಳಲ್ಲಿ ನಡುಹಗಲಿನ ನಮಾಜಿಗೆ ಯಾರು ಬರುತ್ತಾರೆ? ಖಾಲಿ ಚಾಪೆಗಳ ಮುಂದೆ ನಿಂತು ಗಟ್ಟಿಯಾಗಿ ಅಲ್ಲಾಹು ಅಕ್ಬರ್ ಎಂದು ತಕ್ಬೀರ್ ಹೇಳುವಾಗ ನನ್ನ ದನಿ ಗೋಡೆಗೆ ಬಡಿದು ನನಗೇ ತಿರುಗಿ ಬರುತ್ತಿತ್ತು. ರಮಜಾನಿನಲ್ಲಿ ಮಾತ್ರ ಮಸೀದಿ ತುಂಬುತ್ತಿತ್ತು. ಆ ತಿಂಗಳು ಮುಗಿಯುವುದು ನನಗೆ ಯಾವತ್ತೂ ಬೇಡವಾಗಿತ್ತು. ಆ ಒಂದು ವರ್ಷವನ್ನು ಬಿಟ್ಟು.

ನನಗೆ ತಂದೆ ತಾಯಿ ಇರಲಿಲ್ಲ. ಇದ್ದದ್ದು ಒಬ್ಬ ಅಣ್ಣ. ಗೌಂಡಿ ಕೆಲಸ ಮಾಡಿ, ಕಲ್ಲು ಹೊತ್ತು, ನನ್ನನ್ನು ಓದಿಸಿದವನು. ರಾಮದುರ್ಗದಲ್ಲಿ ಅವನ ಹೆಂಡತಿ, ಎಳೆಯ ಮಕ್ಕಳು. ಅವನಿಗೆ ಅರಬ್ ದೇಶದಲ್ಲಿ ಕಟ್ಟಡದ ಕೆಲಸ ಸಿಕ್ಕಿತ್ತು. ಯಾವಾಗ ತಿರುಗಿ ಬರುತ್ತಾನೋ ಹೇಳುವವರಿಲ್ಲ. ರಾಮದುರ್ಗದ ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿಕಳಿಸಿದ್ದ: ಕಾಗದಪತ್ರದ ಕೆಲಸಕ್ಕೆ ಬೆಳಗಾವಿಗೆ ಹೋಗುತ್ತಿದ್ದೇನೆ, ಗುರುವಾರ ಸಂಜೆ ಯರಗಟ್ಟಿಯ ಮೇಲಿಂದ ರಾಮದುರ್ಗಕ್ಕೆ ಮುಟ್ಟುತ್ತೇನೆ, ಶುಕ್ರವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಧಾರವಾಡಕ್ಕೆ, ಅಲ್ಲಿಂದ ರೈಲಿಗೆ ಮುಂಬಯಿ. ಅಂದರೆ ಅವನು ನನಗೆ ಸಿಗುವುದು ಗುರುವಾರದ ಒಂದೇ ರಾತ್ರಿ. ಬುಧವಾರ ಇಪ್ಪತ್ತೊಂಬತ್ತನೆಯ ರೋಜಾ. ಆ ಸಂಜೆ ಚಂದ್ರ ಕಂಡರೆ ಗುರುವಾರ ಬೆಳಿಗ್ಗೆ ಈದಿನ ನಮಾಜ್ ಓದಿಸಿ ಮಧ್ಯಾಹ್ನದ ಬಸ್ಸು ಹಿಡಿಯಬಹುದು. ಕಾಣದಿದ್ದರೆ ಶುಕ್ರವಾರ ಈದ್. ನಾನು ಊರು ಬಿಡುವಂತಿಲ್ಲ; ರಾಮದುರ್ಗಕ್ಕೆ ಹೋದರೆ ಬೆಳಿಗ್ಗೆ ನಮಾಜಿನ ಹೊತ್ತಿಗೆ ತಿರುಗಿ ಮುಟ್ಟಿಸುವ ಬಸ್ಸಿಲ್ಲ. ಈದಿನ ನಮಾಜನ್ನೂ ಅದರ ಪ್ರವಚನವಾದ ಖುತ್ಬಾವನ್ನೂ ಓದಿಸಬಲ್ಲವರು ಆ ಊರಲ್ಲಿ ಬೇರೆ ಯಾರೂ ಇರಲಿಲ್ಲ.

ಆ ತಿಂಗಳೆಲ್ಲ ನಾನು ಜನರಿಗೆ ಏನು ಹೇಳುತ್ತ ಬಂದಿದ್ದೆ ಎಂಬುದನ್ನೂ ಹೇಳಿಬಿಡಬೇಕು. ರಮಜಾನಿನ ರಾತ್ರಿಗಳ ತರಾವೀಹ್ ನಮಾಜ್ ಮುಗಿದ ಮೇಲೆ ತುಸು ಹೊತ್ತು ಕನ್ನಡದಲ್ಲಿ ಮಾತಾಡುತ್ತಿದ್ದೆ. ನಮ್ಮ ಮರ್ಜಿಯನ್ನು ಅಲ್ಲಾಹನ ಮರ್ಜಿಯ ಕೆಳಗೆ ಇಡಬೇಕು, ನಮಗೆ ಬೇಕಾದದ್ದು ಬೇರೆ, ಅವನು ನಮಗೆ ಬೇಕೆಂದದ್ದು ಬೇರೆ, ರೋಜಾ ಎಂದರೆ ಅದರ ರೂಢಿ ಮಾಡಿಕೊಳ್ಳುವುದು ಎಂದೆಲ್ಲ. ಜನ ತಲೆದೂಗುತ್ತಿದ್ದರು. ಊರಿಗೆ ಉಪದೇಶ ಹೇಳಲು ಖರ್ಚೇನಿದೆ?

ಚಂದ್ರನನ್ನು ನೋಡುವ ಕ್ರಮವನ್ನು ಉಸ್ತಾದರು ಕಲಿಸಿದ್ದರು. ಸೂರ್ಯ ಮುಳುಗುವ ಮೊದಲು ಪಡುವಣಕ್ಕೆ ಕಣ್ಣಿಡಬಾರದು. ಬೆಳಕಿಗೆ ಕಣ್ಣು ಕುರುಡಾದರೆ ಆಮೇಲೆ ಇದ್ದದ್ದೂ ಕಾಣುವುದಿಲ್ಲ. ಮುಳುಗಿದ ಜಾಗವನ್ನು ಯಾವುದಾದರೂ ಗುರುತಿಗೆ ಹಚ್ಚಿ ನೆನಪಿಡಬೇಕು. ಮಳೆಗಾಲದ ಕೊನೆಯಲ್ಲಿ ಎಳೆಯ ಚಂದ್ರ ಆ ಜಾಗದಿಂದ ಎಡಕ್ಕೆ ಸರಿದಿರುತ್ತದೆ, ಅಲ್ಲಿಂದ ಮೇಲಕ್ಕೆ ಮೆಲ್ಲನೆ ಹುಡುಕಬೇಕು. ಒಂದೇ ಕಡೆ ದಿಟ್ಟಿಸಿದರೆ ಇಲ್ಲದ್ದು ಕಾಣತೊಡಗುತ್ತದೆ; ಆಗಾಗ ಕಣ್ಣು ಮುಚ್ಚಿ ತೆರೆಯಬೇಕು. ಎಲ್ಲಕ್ಕಿಂತ ದೊಡ್ಡ ಮಾತು, ಕಂಡವನು ಎಲ್ಲಿ ಕಂಡೆನೆಂದು ಮೊದಲೇ ಬಾಯಿ ಬಿಡಬಾರದು. ಇನ್ನೊಬ್ಬ ಸಾಕ್ಷಿ ಬಂದರೆ ಅವನನ್ನು ಬೇರೆಯಾಗಿಯೇ ಕೇಳಬೇಕು. ಮೋಡ ಇದ್ದಾಗ ಈದಿನ ಚಂದ್ರನಿಗೆ ಒಬ್ಬನ ಸಾಕ್ಷಿ ಸಾಲದು, ಇಬ್ಬರು ಬೇಕು.

ಬುಧವಾರ ಮಧ್ಯಾಹ್ನದಿಂದಲೇ ಮೋಡ ಕವಿದಿತ್ತು. ನಾನು ಮಸೀದಿಯ ಕಟ್ಟೆಯ ಮೇಲೆ ಕೂತು ಪಡುವಣ ಗುಡ್ಡದ ಕಡೆಗೆ ನೋಡುತ್ತಿದ್ದೆ. ಪಕ್ಕದಲ್ಲಿ ಗಾದಿ ಹೊಲಿಯುವ ಅಜ್ಜ ಕೂತಿದ್ದ. ಊರಿನಲ್ಲೇ ಹಿರಿಯ ಪಿಂಜಾರ. ಎರಡೂ ಕಣ್ಣಲ್ಲಿ ಮೋತಿಬಿಂದುವಿನ ಪೊರೆ. ಸೂಜಿಗೆ ದಾರವನ್ನು ಮೊಮ್ಮಗಳು ಪೋಣಿಸಿ ಕೊಡುತ್ತಿದ್ದಳು, ಹೊಲಿಗೆಯನ್ನು ಬೆರಳೇ ನೋಡಿಕೊಳ್ಳುತ್ತಿತ್ತು. ಜನರನ್ನು ಹೆಜ್ಜೆಯ ಸಪ್ಪಳದಿಂದ ಗುರುತಿಸುತ್ತಿದ್ದ. ಸಂಜೆಯಾದರೆ ನಮಾಜಿಗೆ ಮೊದಲು ಕೈಕಾಲು ತೊಳೆದು ವಜೂ ಮಾಡುವ ಹೊಂಡದ ಮೆಟ್ಟಿಲು ಇಳಿಯಲು ನಾನೇ ಕೈ ಹಿಡಿಯುತ್ತಿದ್ದೆ. ಆ ಊರಲ್ಲಿ ಕೆಲಸವಿಲ್ಲದೆಯೂ ನನ್ನ ಹತ್ತಿರ ಬಂದು ಕೂಡುತ್ತಿದ್ದವನು ಅವನೊಬ್ಬ. ನಾಲ್ಕು ಮಂದಿಯ ಎದುರಿಗೆ ಮೌಲಿಸಾಬ್ರ ಎನ್ನುವನು, ಇಬ್ಬರೇ ಇದ್ದಾಗ ತಮ್ಮಾ ಎನ್ನುವನು.

"ಇವತ್ತ ಭಾಳ ಸುಮ್ಮಗ ಕುಂತಿಯಲ್ಲೋ ತಮ್ಮಾ. ಏನ ಅದ?" ಎಂದ.

ಅಣ್ಣನ ವಿಷಯ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಅಜ್ಜ ಹೊಲಿಗೆ ನಿಲ್ಲಿಸಿ ಮುಖ ಮೇಲೆತ್ತಿದ. "ಕಾಣತೈತಿ ಬಿಡು. ಅಲ್ಲಾಗೇನ ನಿನ್ನ ಸಂಕಟ ಕಾಣೂದಿಲ್ಲೇನು?" ಎಂದ.

ಸಂಜೆ ಅಜಾನ್ ಕೊಟ್ಟು, ಖಜೂರ ಬಾಯಿಗೆ ಹಾಕಿಕೊಂಡು ರೋಜಾ ಬಿಟ್ಟು, ಮಗ್ರಿಬ್ ನಮಾಜ್ ಓದಿಸಿದೆ. ಎಲ್ಲರೂ ಮಾಳಿಗೆಗೆ ಬಂದರು. ಮೋಡ ಗೋಡೆ ಕಟ್ಟಿದಂತೆ ನಿಂತಿತ್ತು. ಸಣ್ಣಗೆ ಹನಿಯತೊಡಗಿತು. ಊರಿನ ದರ್ಜಿ ಒಬ್ಬನ ಮುಖದಲ್ಲಿ ಮಾತ್ರ ಕಳೆ ಇತ್ತು. ಅರ್ಧ ಊರಿನ ಅಂಗಿಗಳು ಗುಂಡಿಯಿಲ್ಲದೆ ಅವನ ಅಂಗಡಿಯಲ್ಲಿ ಬಿದ್ದಿದ್ದವು, ಮೂವತ್ತು ತುಂಬಲಿ ಎಂದು ವಾರದಿಂದ ದುವಾ ಮಾಡುತ್ತಿದ್ದ. ಉಳಿದವರಿಗೆ ಈದ್ ನಾಳೆಯೇ ಬೇಕು. ಅವರವರ ಗರಜಿಗೆ ತಕ್ಕ ಚಂದ್ರ ಅವರವರಿಗೆ. ಹನಿ ಜೋರಾದಾಗ ಒಬ್ಬೊಬ್ಬರಾಗಿ ಇಳಿದು ಹೋದರು. ಹಸಿದ ಹೊಟ್ಟೆಗಳು, ತಪ್ಪೇನಿಲ್ಲ.

ನಾನು ಇಳಿಯಲಿಲ್ಲ. ತೋಯುತ್ತ ನಿಂತೆ. ಆಗ ಗುಡ್ಡದ ನೆತ್ತಿಯ ಮೇಲೆ ಮೋಡ ಸೀಳಿತು. ಆ ಸೀಳಿನ ಎಡತುದಿಯಲ್ಲಿ, ಬಿಳಿ ನೂಲಿನ ಎಳೆಯಷ್ಟು ತೆಳ್ಳಗೆ, ಕೋಡು ಮೇಲಾಗಿ, ಚಂದ್ರ. ಒಮ್ಮೆ ಕಲ್ಮಾ ಹೇಳುವಷ್ಟು ಹೊತ್ತು ಇತ್ತು. ಕಣ್ಣು ಮುಚ್ಚಿ ತೆರೆದೆ, ಇನ್ನೂ ಇತ್ತು. ಮತ್ತೊಮ್ಮೆ ಮುಚ್ಚಿ ತೆರೆಯುವಷ್ಟರಲ್ಲಿ ಮೋಡ ಕೂಡಿಕೊಂಡಿತು.

ಮಾಳಿಗೆಯ ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ನೆನಪಿಲ್ಲ. "ಕಂಡೈತಿ! ಗುಡ್ಡದ ಮ್ಯಾಲ, ಸೂರ್ಯಾ ಮುಳುಗಿದ ಜಾಗಾದಿಂದ ಎಡಕ್ಕ, ಕೋಡು ಮ್ಯಾಲ ಐತಿ, ನೂಲಿನ ಎಳಿ ಇದ್ಹಂಗ ಐತಿ, ಬರ್ರಿ!" ಎಂದು ಕೂಗಿದೆ. ಉಸ್ತಾದರ ಪಾಠವೆಲ್ಲ ಹೊಳೆ ಪಾಲು. ಅಂಗಳದಲ್ಲಿದ್ದವರೆಲ್ಲ ಮಾಳಿಗೆಗೆ ಓಡಿದರು. ಕೊನೆಯ ಬೆಳಕು ಆರುವ ತನಕ ನಿಂತರು. ಯಾರಿಗೂ ಏನೂ ಕಾಣಲಿಲ್ಲ.

ಜಮಾತಿನ ಮುತವಲ್ಲಿ, ಅಂದರೆ ಮಸೀದಿಯ ಕಾರಭಾರ ನೋಡುವ ಹಿರಿಯರು, ನನ್ನನ್ನು ಒಳಗೆ ಕರೆದು ಕೂಡಿಸಿಕೊಂಡರು. ಶೇಂಗಾ ವ್ಯಾಪಾರದವರು, ತೂಗಿ ಮಾತಾಡುವ ಮನುಷ್ಯ.

"ಒಬ್ರ ಸಾಕ್ಷಿ ಆತ್ರಿ ನಿಮ್ಮದು. ಇನ್ನೊಂದ ಬೇಕಲ್ಲ?"

"ಬೇಕ್ರಿ."

"ಸವದತ್ತಿಯೊಳಗ ಏನಾಗೈತಿ ಕೇಳಿ ಬರಸೂಣು."

ಸೈಕಲ್ಲು ಇದ್ದದ್ದು ದರ್ಜಿಯ ಹತ್ತಿರ. ಅವನೇ ಹೋದ. ಸವದತ್ತಿ ಎರಡು ಹರದಾರಿ. ಅವನು ಹೋದ ಮೇಲೆ ರಾಮದುರ್ಗದ ಕಡೆಗೆ ಹೋಗುವ ಕಡೆಯ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತುಕೊಂಡೇ, "ಸವದತ್ತಿಯಾಗ ಪಟಾಕಿ ಹಾರಸಾಕ ಹತ್ಯಾರ್ರಿ, ನಿಮ್ಮ ಹಬ್ಬ ನಾಳಿಗೇ ಕಾಣತೈತಿ" ಎಂದು ಹೇಳಿ ಹೋದ. ಮಸೀದಿಯಲ್ಲಿ ಒಮ್ಮೆಗೇ ಗದ್ದಲವೆದ್ದಿತು. ಆದರೆ ಆ ವರ್ಷ ಗಣೇಶ ಚವತಿಯೂ ಅದೇ ವಾರ ಬಂದಿತ್ತು. ಪಟಾಕಿ ಯಾವ ಹಬ್ಬದ್ದೆಂದು ಯಾರು ಹೇಳಬೇಕು? ಮುತವಲ್ಲಿಯವರು ನಕ್ಕು, "ಗಣಪ್ಪನ ಪಟಾಕಿ ಮ್ಯಾಲ ಈದ್ ಮಾಡಾಕ ಆಗೂದಿಲ್ರಪಾ" ಎಂದರು. ನಾನು ನಗಲಿಲ್ಲ. ಮನಸ್ಸಿನಲ್ಲಿ ಮಧ್ಯಾಹ್ನದ ಬಸ್ಸು ಹತ್ತಿ ಕೂತಾಗಿತ್ತು.

ರಾತ್ರಿಯ ಇಶಾ ನಮಾಜ್ ಮುಗಿಯುವ ಹೊತ್ತಿಗೆ ದರ್ಜಿ ತಿರುಗಿ ಬಂದ. ಅವನ ಮುಖದ ಹಿಗ್ಗು ನೋಡಿಯೇ ಉತ್ತರ ತಿಳಿಯಿತು. ಸವದತ್ತಿಯಲ್ಲಿ ಯಾರಿಗೂ ಕಂಡಿಲ್ಲ. ಅಲ್ಲಿನವರೂ ಮೂವತ್ತು ತುಂಬಿಸುವುದೆಂದು ತರಾವೀಹ್‌ಗೆ ಅಣಿಯಾಗುತ್ತಿದ್ದಾರೆ. ಮುತವಲ್ಲಿಯವರು ಎದ್ದರು. ಇನ್ನೇನು ಹೇಳಿಬಿಡಬೇಕು, ಅಷ್ಟರಲ್ಲಿ ಹಿಂದಿನ ಸಾಲಿನಿಂದ ದನಿ ಬಂತು.

"ನನಗೂ ಕಂಡೈತ್ರಿ."

ಗಾದಿಯ ಅಜ್ಜ. ಗೋಡೆ ಹಿಡಿದು ಎದ್ದು ನಿಂತಿದ್ದ.

"ಎಲ್ಲಿ ಕಂಡ್ರಿ ಕಾಕಾ?" ಎಂದರು ಮುತವಲ್ಲಿ.

"ಮನಿ ಹಿತ್ತಲದಾಗ ನಿಂತಿದ್ದೆ. ಗುಡ್ಡದ ಮ್ಯಾಲ, ಸೂರ್ಯಾ ಮುಳುಗಿದ ಜಾಗಾದಿಂದ ಎಡಕ್ಕ. ಕೋಡು ಮ್ಯಾಲ ಇದ್ದವು. ನೂಲಿನ ಎಳಿ ಇದ್ಹಂಗ ಇತ್ತು."

ಒಂದೊಂದೂ ನನ್ನದೇ ಮಾತು. ಎಳೆಯವರು ಕೆಲವರು, "ಕೂಡತೈತಿ, ಇಬ್ಬರದೂ ಕೂಡತೈತಿ" ಎಂದು ಪಿಸುಗುಟ್ಟಿದರು. ಅಜ್ಜನಿಗೆ ಎದುರಿಗೆ ನಿಂತವನ ಮೂಗು ಕಾಣುವುದಿಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತು. ಅವನಿಗೆ ಹೊಂಡದ ಮೆಟ್ಟಿಲು ಕಾಣದ್ದನ್ನು ದಿನಾ ನೋಡಿದವರೇ ಅವರೆಲ್ಲ. ಆದರೂ ಯಾರೂ ಬಾಯಿ ತೆರೆಯಲಿಲ್ಲ. ಎಲ್ಲರ ಕಣ್ಣು ಚಾಪೆಯ ಮೇಲಿತ್ತು. ಮುತವಲ್ಲಿಯವರು ಮಾತ್ರ ನನ್ನನ್ನು ನೋಡಿದರು. "ಮೌಲಿಸಾಬ್ರ, ಶರೀಯತ್ ನಿಮಗ ಗೊತ್ತು. ಕಬೂಲ್ ಮಾಡೂದು ಬಿಡೂದು ನಿಮ್ಮ ಕಡೆ" ಎಂದರು.

ಕಬೂಲ್. ಮೂರು ಅಕ್ಷರ. ಅಂದುಬಿಟ್ಟರೆ ಬೆಳಿಗ್ಗೆ ಈದ್, ಸಂಜೆಗೆ ಅಣ್ಣನ ಮನೆ. ಮೇಲುನೋಟಕ್ಕೆ ಯಾವ ಕೊರತೆಯೂ ಇಲ್ಲ. ಇಬ್ಬರು ಗಂಡಸರು, ಇಬ್ಬರೂ ನಮಾಜಿಗಳು, ಇಬ್ಬರ ಮಾತೂ ಒಂದೇ. ಅಲ್ಲದೆ ಚಂದ್ರನೇನು ಸುಳ್ಳಲ್ಲವಲ್ಲ, ನಾನು ಕಂಡಿದ್ದೇನೆ! ಇದ್ದ ಚಂದ್ರನಿಗೆ ಅಜ್ಜನದು ಒಂದು ಕೂಡಿಕೆ ಅಷ್ಟೆ, ಎಂದು ಮನಸ್ಸು ನ್ಯಾಯ ಹೇಳಿತು. ಅಲ್ಲಾಹನೇ ದಾರಿ ತೋರಿಸಿದ್ದಾನೆ ಎಂದೂ ಹೇಳಿತು. ನನಗೆ ಹೆದರಿಕೆಯಾದದ್ದು ಆಗ. ನನಗೆ ಬೇಕಾದದ್ದಕ್ಕೆ ಎಷ್ಟು ಬೇಗ ಅವನ ಹೆಸರು ಇಟ್ಟುಬಿಟ್ಟೆನಲ್ಲ!

ಅಜ್ಜ ಯಾಕೆ ಹೇಳಿದ ಎಂಬುದು ನನಗೊಬ್ಬನಿಗೇ ಗೊತ್ತಿತ್ತು. ಅಲ್ಲಗಳೆಯಬೇಕೆಂದರೆ ಎರಡು ದಾರಿ. ಇದು ಎಷ್ಟು ಬೆರಳು ಹೇಳು ಅಜ್ಜಾ ಎಂದು ಎಲ್ಲರೆದುರು ಕೈ ಹಿಡಿದು ಕೇಳಬಹುದು. ಅದರಷ್ಟು ಹೀನ ಕೆಲಸ ಬೇರೆ ಇಲ್ಲ. ಇಲ್ಲವೆ, ಕ್ರಮದ ಪ್ರಕಾರ ಅಲ್ಲಾಹನ ಹೆಸರಲ್ಲಿ ಸಾಕ್ಷಿ ನುಡಿಯಲು ಹೇಳಬಹುದು. ನುಡಿಯುತ್ತಿದ್ದ, ಅವನ ಹಟ ನಾನು ಬಲ್ಲೆ. ರಮಜಾನಿನಲ್ಲಿ, ಮಸೀದಿಯಲ್ಲಿ, ನನ್ನ ಸಲುವಾಗಿ ಒಂದು ಸುಳ್ಳು ಆಣೆಯನ್ನು ಆ ವಯಸ್ಸಿನಲ್ಲಿ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ.

ಎದ್ದು ನಿಂತೆ.

"ಕಾಕಾ ಅವರ ಮಾತು ಹಂಗ ಇರಲಿ. ನಾ ನನ್ನ ಸಾಕ್ಷಿ ತಿರುಗಿ ತಗೋತೇನಿ" ಎಂದೆ.

ಸಾಲಿನಲ್ಲಿ ಕೂತವರ ತಲೆಗಳೆಲ್ಲ ನನ್ನ ಕಡೆ ತಿರುಗಿದವು.

"ಹಂಗಂದ್ರ? ಕಂಡಿಲ್ಲೇನ್ರಿ ನಿಮಗ?" ಎಂದರು ಮುತವಲ್ಲಿ.

"ಕಂಡೈತ್ರಿ. ಆದ್ರ ಕೇಳ್ರಿ. ನನ್ನ ಅಣ್ಣ ಶುಕ್ರವಾರ ಪರದೇಶಕ್ಕ ಹೊಂಟಾನ. ನಾಳಿಗಿ ಈದ್ ಆದ್ರ ನನಗ ಅವನ ಮಾರಿ ನೋಡಾಕ ಸಿಗತೈತಿ, ನಾಡದು ಆದ್ರ ಸಿಗೂದಿಲ್ಲ. ಸಾಕ್ಷಿ ಹೇಳಾಂವಗ ಅದರಾಗ ಸ್ವಂತ ಲಾಭ ಇರಬಾರದು. ನನಗ ಐತಿ. ಇತ್ತಂತ ಕಂಡಿತೋ, ಬೇಕಂತ ಕಂಡಿತೋ, ನನಗ ಹೇಳಾಕ ಆಗವಲ್ದು. ನನ್ನದು ತಗದ ಮ್ಯಾಲ ಉಳಿಯೂದು ಕಾಕಾ ಅವರದು ಒಂದ. ಒಂದು ಸಾಲೂದಿಲ್ಲ. ಮೂವತ್ತು ತುಂಬಸೂಣು."

ಮುತವಲ್ಲಿಯವರು ನನ್ನ ಮುಖವನ್ನೊಮ್ಮೆ, ಅಜ್ಜನ ಮುಖವನ್ನೊಮ್ಮೆ ನೋಡಿದರು. ಅವರಿಗೆ ಎಲ್ಲ ತಿಳಿಯಿತೆಂದು ನನಗೆ ಆಗ ಅನಿಸಿತು. "ಆತು. ನಾಳಿಗಿ ರೋಜಾ" ಎಂದರು. ಎಳೆಯರು ಗೊಣಗಿದರು. ಕೈಗೆ ಬಂದದ್ದನ್ನು ಬಿಟ್ಟರಲ್ಲ ಎಂದು ಒಬ್ಬ ಕೇಳಿಸುವಂತೆಯೇ ಅಂದ. ದರ್ಜಿ ಮಾತ್ರ ಬಂದು ನನ್ನ ಕೈ ಕಣ್ಣಿಗೊತ್ತಿಕೊಂಡ. ಅಜ್ಜ ಗೋಡೆ ತಡವುತ್ತ ಹೊರಗೆ ಹೋದ. ಆ ರಾತ್ರಿ ನನ್ನ ಕೈ ಬೇಡಲಿಲ್ಲ.

ಗುರುವಾರದಂಥ ದಿನವನ್ನು ನಾನು ಮತ್ತೆ ಕಂಡಿಲ್ಲ. ಈದಿನ ದಿನ ರೋಜಾ ಹಿಡಿಯುವುದು ನಿಷಿದ್ಧ. ನನ್ನ ಕಣ್ಣು ಕಂಡದ್ದು ನಿಜವಾದರೆ ಅಂದು ಈದ್. ಆದರೆ ಒಬ್ಬನೇ ಕಂಡು, ಅವನ ಮಾತು ನಿಲ್ಲದೆ ಹೋದರೆ, ಅವನೂ ಊರ ಜನರ ಜೊತೆ ರೋಜಾ ಹಿಡಿಯಬೇಕೆಂದು ಉಸ್ತಾದರು ಕಲಿಸಿದ್ದರು. ಕಲಿಯುವಾಗ ಅದು ಪರೀಕ್ಷೆಗೆ ಬರುವ ಒಂದು ಸಣ್ಣ ನಿಯಮ. ಆವತ್ತು ಅದರೊಳಗೆ ಕೂತು ಹಗಲು ಕಳೆದೆ. ಬೆಳಗಿನ ಜಾವ ಒಬ್ಬನೇ ಎದ್ದು ತಣ್ಣನೆಯ ರೊಟ್ಟಿ ತಿಂದೆ. ಎದೆಯಲ್ಲಿ ಶಾಂತಿ ಬರುತ್ತದೆ ಎಂದು ಕಾದೆ. ತ್ಯಾಗ ಮಾಡಿದವರಿಗೆ ಬರುತ್ತದೆ ಎಂದು ನಾನೇ ಜನರಿಗೆ ಹೇಳಿದ್ದೆನಲ್ಲ. ಬರಲಿಲ್ಲ. ಅಣ್ಣನ ನೆನಪು ಮಾತ್ರ ಬಂತು, ಮತ್ತೆ ಸಿಟ್ಟು. ಯಾರ ಮೇಲೆ ಎಂದು ಬರೆಯಲು ಇವತ್ತಿಗೂ ನನಗೆ ಧೈರ್ಯವಿಲ್ಲ.

ಚಹಾದಂಗಡಿಯ ಗೌಡರು ಚವತಿಗೆ ಮಂಟಪ ಕಟ್ಟುತ್ತಿದ್ದರು. ನನ್ನನ್ನು ನೋಡಿ, "ಏನ್ರಿ ಮೌಲಿಸಾಬ್ರ, ಚಂದ್ರ ಕಾಣವಲ್ದಂತ ನೀವು ಅಳಾಕ ಹತ್ತೀರಿ. ಚವತಿ ಚಂದ್ರ ಕಂಡ್ರ ನಮಗ ಕಳ್ಳ ಅನಸ್ಕೊಳ್ಳೂ ಅಪವಾದ. ಅದಲಿ ಬದಲಿ ಮಾಡ್ಕೊಳ್ಳೂಣೇನು?" ಎಂದು ನಕ್ಕರು. ನನಗೂ ನಗು ಬಂತು. ಆ ದಿನ ನನಗೆ ಬಂದ ನಗು ಅದೊಂದೇ.

ಮಧ್ಯಾಹ್ನದ ಬಸ್ಸು ಬಂತು. ನಾನು ಹತ್ತಬೇಕಿದ್ದ ಬಸ್ಸು. ಕಂಡಕ್ಟರನಿಗೆ ಹೇಳಿದೆ, ನನಗೆ ಬರಲಾಗುವುದಿಲ್ಲವೆಂದು ಅಣ್ಣನಿಗೆ ತಿಳಿಸು. ನಾಳೆ ಅವನ ಬಸ್ಸು ನಮ್ಮ ಈದ್ಗಾ ದಾಟಿಯೇ ಹೋಗಬೇಕು, ನಮಾಜ್ ಬೇಗ ಮುಗಿಸಿ ರಸ್ತೆಗೆ ಬಂದು ನಿಲ್ಲುತ್ತೇನೆ ಎಂದು. ಬಸ್ಸು ಹೋದ ಮೇಲೆ ಬಹಳ ಹೊತ್ತು ಅಲ್ಲೇ ನಿಂತಿದ್ದೆ.

ತಿರುಗಿ ಬಂದಾಗ ಕಟ್ಟೆಯ ಮೇಲೆ ಅಜ್ಜ ಕೂತಿದ್ದ. ನನ್ನ ಹೆಜ್ಜೆ ಕೇಳಿ ಪಕ್ಕಕ್ಕೆ ಸರಿದ.

"ಸಿಟ್ಟಾಗಿಯೇನೋ ತಮ್ಮಾ?"

"ಇಲ್ಲ ಅಜ್ಜಾ."

"ನನಗ ಕಂಡಿದ್ದಿಲ್ಲ."

"ಗೊತ್ತೈತಿ."

"ನಿನಗ ಕಂಡಿತ್ತಲ್ಲ. ಹಂಗಾದ್ರ ಇವತ್ತ ಈದಲ್ಲೇನು?"

"ನನ್ನ ಕಣ್ಣಿಗೆ ಐತಿ. ಊರಿಗಿಲ್ಲ."

ಅಜ್ಜ ತಲೆಯಾಡಿಸಿದ. "ಹುಚ್ಚ ಅದಿ ನೀ. ನಾ ಹೆಂಗಾದ್ರೂ ಮಾಡಿ ನಿನ್ನ ಕಳಸಬೇಕಂತ ಮಾಡಿದ್ದೆ" ಎಂದ. ಆಮೇಲೆ ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಕೂತ. ಇಳಿಹೊತ್ತಿನ ಅಸರ್ ಅಜಾನಿನ ಹೊತ್ತಾಗುವ ತನಕ ಕೈ ತೆಗೆಯಲಿಲ್ಲ.

ಆ ಸಂಜೆ ಆಕಾಶ ತೊಳೆದಂತಿತ್ತು. ಚಂದ್ರ ಗುಡ್ಡದ ಮೇಲೆ ಎತ್ತರದಲ್ಲಿ ನಿಂತಿದ್ದ. ದರ್ಜಿ ಕೂಡ ನೋಡಿ, "ಇದು ನಿನ್ನಿದ ಐತ್ರಿ" ಎಂದ. ಕೆಲವರು ನನ್ನ ಕಡೆ ನೋಡಿದರು. ಚಂದ್ರನ ದಪ್ಪ ನೋಡಿ ತಾರೀಖು ಹೇಳುವಂತಿಲ್ಲ, ಹೇಗೂ ಮೂವತ್ತು ತುಂಬಿತಲ್ಲ ಎಂದೆ. ಒಳಗೆ ಹೋಗಿ ಕೋಣೆಯ ಬಾಗಿಲು ಮುಚ್ಚಿಕೊಂಡು ಅತ್ತೆ.

ಶುಕ್ರವಾರ ಬೆಳಿಗ್ಗೆ ನಮಾಜನ್ನು ಎಂಟಕ್ಕೇ ಇಟ್ಟುಕೊಳ್ಳೋಣ ಎಂದು ಮುತವಲ್ಲಿಯವರನ್ನು ಕೇಳಿದ್ದೆ. ಯಾಕೆಂದು ಅವರು ಕೇಳಲಿಲ್ಲ, ಒಪ್ಪಿದರು. ರಾಮದುರ್ಗದ ಮೊದಲ ಬಸ್ಸು ನಮ್ಮೂರು ದಾಟುವುದು ಒಂಬತ್ತರ ಸುಮಾರಿಗೆ. ನಮ್ಮ ಈದ್ಗಾ ಊರ ಹೊರಗೆ ರಸ್ತೆಯ ಪಕ್ಕದ ಒಂದು ಬಯಲು. ಪಡುವಣಕ್ಕೆ ಒಂದು ಗೋಡೆ, ಗೋಡೆಗೆ ಮೂರು ಮೆಟ್ಟಿಲು, ಮೂಡಣಕ್ಕೆ ರಸ್ತೆ. ಏಳೂವರೆಗೇ ಹೋಗಿ ಚಾಪೆ ಹಾಸಿಸಿ ನಿಂತೆ. ಸುತ್ತಿನ ನಾಲ್ಕು ಸಣ್ಣ ಹಳ್ಳಿಗಳವರೂ ಈದಿಗೆ ಅಲ್ಲಿಗೇ ಬರುತ್ತಿದ್ದರು. ಎಂಟಾಯಿತು. ಊರವರು ಸಾಲು ಕಟ್ಟಿದರು. ಹಳ್ಳದ ಆಚೆಯ ಹಳ್ಳಿಯವರು ಮಾತ್ರ ಇಲ್ಲ. ನೋಡಿದರೆ, ಮೇಲಿನ ಕಡೆ ರಾತ್ರಿ ಸುರಿದ ಮಳೆಗೆ ಹಳ್ಳ ಕೆಂಪಾಗಿ ಹರಿಯುತ್ತಿತ್ತು. ಆಚೆ ದಂಡೆಯ ಮೇಲೆ ಬಿಳಿ ಟೊಪ್ಪಿಗೆಗಳು ಕಾಣುತ್ತಿದ್ದವು. ಮುದುಕರನ್ನು ಹೆಗಲ ಮೇಲೆ ಹೊತ್ತು ಒಬ್ಬೊಬ್ಬರನ್ನಾಗಿ ದಾಟಿಸುತ್ತಿದ್ದರು.

"ಶುರು ಮಾಡೂದಿದ್ರ ಮಾಡ್ರಿ. ಅವರಿಗೆ ನಾ ಹೇಳತೇನಿ" ಎಂದರು ಮುತವಲ್ಲಿ, ಮೆಲ್ಲಗೆ.

ವರ್ಷಕ್ಕೆರಡು ಬಾರಿ ಸಾಲಿನಲ್ಲಿ ನಿಲ್ಲಲೆಂದು ಎದೆಮಟ್ಟದ ನೀರಿಗೆ ಇಳಿದ ಜನ ಅವರು. ನಾನು ರಸ್ತೆಯ ಕಡೆ ನೋಡಿದೆ, ಹಳ್ಳದ ಕಡೆ ನೋಡಿದೆ. "ಕಾಯೂಣ್ರಿ" ಎಂದೆ. ಆ ಒಂದು ಮಾತು ಬುಧವಾರದ ಮಾತಿಗಿಂತ ಕಷ್ಟವಾಗಿತ್ತು. ಆವತ್ತು ಎಲ್ಲರೂ ನನ್ನನ್ನು ನೋಡುತ್ತಿದ್ದರು. ಇವತ್ತು ಒಂಬತ್ತರ ಬಸ್ಸಿನ ಮಾತು ಯಾರಿಗೂ ಗೊತ್ತಿರಲಿಲ್ಲ.

ಒದ್ದೆ ಬಟ್ಟೆಯಲ್ಲೇ ಅವರು ಬಂದು ನಿಂತರು. ನಮಾಜ್ ಓದಿಸಿದೆ. ಸಲಾಮ್ ಹೇಳಿ, ಊರುಗೋಲು ಹಿಡಿದು, ಮೆಟ್ಟಿಲೇರಿ, ಜನರ ಕಡೆ ತಿರುಗಿ ಖುತ್ಬಾ ಶುರು ಮಾಡಿದೆ. ನಮಾಜ್ ಆದ ಮೇಲೆ ನಿಂತು ಓದುವ ಅರಬ್ಬಿ ಪ್ರವಚನ ಅದು. ಓದುವಾಗ ಕೇಳುವವರು ಮಾತಾಡುವಂತಿಲ್ಲ, ತಿರುಗುವಂತಿಲ್ಲ. ಅವರ ಮುಖ ನನ್ನ ಕಡೆ, ನನ್ನ ಮುಖ ಮೂಡಣಕ್ಕೆ. ಮೊದಲ ಭಾಗ ಮುಗಿಯುವ ಹೊತ್ತಿಗೆ ಏರಿನ ಮೇಲೆ ಬಸ್ಸು ಕಾಣಿಸಿತು.

ಬಸ್ಸು ನಿಂತಿತು. ಕಿಟಕಿಯಲ್ಲಿ ಯಾರೋ ತೊಡೆಯ ಮೇಲೆ ಮಣ್ಣಿನ ಗಣಪತಿ ಇಟ್ಟುಕೊಂಡು ಕೂತಿದ್ದರು. ಬಾಗಿಲಿನಿಂದ ಅಣ್ಣ ಇಳಿದ. ಅದುವರೆಗೆ ಅವನನ್ನು ಪ್ಯಾಂಟಿನಲ್ಲಿ ನಾನು ನೋಡಿರಲಿಲ್ಲ. ರಸ್ತೆಯ ಅಂಚಿಗೆ ಬಂದು ಕೈಕಟ್ಟಿ ನಿಂತ. ಅವನಿಗೂ ಗೊತ್ತು, ಖುತ್ಬಾ ನಡೆದಾಗ ಸಾಲು ಸೀಳಿಕೊಂಡು ಬರಬಾರದು. ಬಯಲಲ್ಲಿ ಅವನನ್ನು ಕಂಡವನು ನಾನೊಬ್ಬನೇ. ಕುಳಿತೆದ್ದು ಎರಡನೆಯ ಭಾಗ ಶುರು ಮಾಡಿದೆ. ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಬಹುದಿತ್ತು, ದೋಷವಿರಲಿಲ್ಲ. ಮುಗಿಸೋಣ ಎಂದುಕೊಂಡೆ. ಆದರೆ ಮುಂದಿನ ಸಾಲಿನಲ್ಲಿ ಒದ್ದೆ ಅಂಗಿಯ ಮುದುಕನೊಬ್ಬ, ಅರ್ಥವಾಗದ ಭಾಷೆಗೆ ಕಣ್ಣು ಮುಚ್ಚಿ, ನಡುಗುತ್ತ, ಕಿವಿಗೊಟ್ಟು ಕೂತಿದ್ದ. ಓದುತ್ತ ಹೋದೆ. ಯಾವುದನ್ನೂ ಬಿಡಲಿಲ್ಲ. ಕಣ್ಣು ಮಂಜಾಗಿ ಪುಸ್ತಕ ಕಾಣದಾದಾಗ ಬಾಯಿಪಾಠದಿಂದ ಓದಿದೆ. ಚಾಲಕ ಹಾರ್ನ್ ಹೊಡೆದ. ಕಂಡಕ್ಟರ್ ಅಣ್ಣನ ತೋಳು ಮುಟ್ಟಿದ. ಅಣ್ಣ ಕೈ ಬಿಡಿಸಿ ಎದೆಯ ಮೇಲೆ ಇಟ್ಟುಕೊಂಡು, ನನ್ನ ಕಡೆ ತುಸು ಬಾಗಿ, ಹತ್ತಿಕೊಂಡ. ನಾನು ತಕ್ಬೀರ್ ಹೇಳುತ್ತಿದ್ದೆ. ಬಸ್ಸು ಹೋಯಿತು.

ಆಮೇಲೆ ಎಲ್ಲರೂ ಎದ್ದು ಬಂದು ನನ್ನನ್ನು ಅಪ್ಪಿಕೊಂಡರು, ಪದ್ಧತಿಯಂತೆ ಮೂರು ಮೂರು ಸಲ. ಈದ್ ಮುಬಾರಕ್, ಈದ್ ಮುಬಾರಕ್. ಇಷ್ಟು ಜನರ ತೋಳಿನಲ್ಲಿ ಇದ್ದೂ ಒಬ್ಬಂಟಿಯಾಗಿರಬಹುದು ಎಂದು ನನಗೆ ಗೊತ್ತಿರಲಿಲ್ಲ.

ಅಣ್ಣ ತಿರುಗಿ ಬರಲು ಅನೇಕ ವರ್ಷಗಳೇ ಹಿಡಿದವು. ಅಷ್ಟರಲ್ಲಿ ನಾನು ಕಿತ್ತೂರಿನ ಕಡೆಯ ಇನ್ನೊಂದು ಮಸೀದಿಗೆ ಹೋಗಿದ್ದೆ. ತಲೆ ನೆರೆತಿತ್ತು ಅವನದು. ಅವನ ದುಡಿಮೆಯಿಂದ ಮನೆ ಎದ್ದಿತ್ತು, ಮಕ್ಕಳು ಓದಿದ್ದರು. ಒಂದು ಮಧ್ಯಾಹ್ನ ಇಬ್ಬರೇ ಕೂತಿದ್ದಾಗ ಆ ಬೆಳಗಿನ ಮಾತು ತೆಗೆದೆ. ಖುತ್ಬಾ ಬೇಗ ಮುಗಿಸಿ ಬರಬಹುದಾಗಿತ್ತು ಅಣ್ಣಾ, ಬರಲಿಲ್ಲ ಎಂದೆ.

"ಬರಲಿಲ್ಲ, ಛಲೋ ಆತು" ಎಂದ. "ಹಿಂದಿನ ರಾತ್ರಿ ಮನಿಯಾಗ ಎಲ್ಲಾರೂ ಮಲಗಿದ ಮ್ಯಾಲ ಒಬ್ಬನ ಕುಂತು ವಿಚಾರ ಮಾಡಿ ಮಾಡಿ ನನ್ನ ಜೀವ ಸಣ್ಣ ಆಗಿತ್ತು. ಹೋಗೂದು ಬ್ಯಾಡ ಅಂತ ಆಗಿತ್ತು. ಬಸ್ ಇಳಿದಾಗ, ನೀ ಬಂದು ಕೈ ಹಿಡದಿ ಅಂದ್ರ ಗಂಟು ಇಳಿಸಿ ಇಲ್ಲೇ ಉಳದುಬಿಡತೇನಿ ಅಂತ ಮನಸಿನ್ಯಾಗ ಇಟ್ಟೊಂಡು ನಿಂತಿದ್ದೆ. ನೀ ಓದೂದು ನಿಲ್ಲಿಸಲಿಲ್ಲ. ನಾ ಹತ್ತಿದೆ."

ಅಂಗಳದಲ್ಲಿ ಅವನ ಕಿರಿಯ ಮಗಳು ಬಟ್ಟೆ ಒಣಹಾಕುತ್ತಿದ್ದಳು. ಅವಳ ಮದುವೆಯ ಮಾತು ನಡೆದಿತ್ತು. ಆ ಮನೆ, ಆ ಅಂಗಳ, ಆ ಮದುವೆ, ಯಾವುದೂ ನಾನು ಕೈ ಹಿಡಿದಿದ್ದರೆ ಇರುತ್ತಿರಲಿಲ್ಲ. ಆದರೆ ಅಣ್ಣ ಇರುತ್ತಿದ್ದ. ಅಷ್ಟೂ ವರ್ಷ ಇರುತ್ತಿದ್ದ.

ಇಂಥ ಮಾತು ಕೇಳಿದಾಗ ಅಲ್ಲಾಹನನ್ನು ಸ್ತುತಿಸಿ ಅಲ್‌ಹಮ್ದುಲಿಲ್ಲಾಹ್ ಎನ್ನಬೇಕು. ಅಣ್ಣನೂ ಅದನ್ನೇ ಕಾಯುತ್ತ ನನ್ನ ಮುಖ ನೋಡುತ್ತಿದ್ದ. ನಾನೂ ಅಂದೆ. ಆದರೆ ಅದು ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು.